ಉಯ್ಯಾಲೆ ಕಂಬಕ್ಕೆ ಕಟ್ಟಿದ ಪಾವು

ನಮ್ಮ ಬೀದಿಯನ್ನು ಚರಂಡಿ ಪೈಪಿಗೆಂದು ಅಗೆದು ಹಾಕಿ ಮೂರು ವಾರವಾಗಿತ್ತು. ಕೊಯಮತ್ತೂರಿನ ಬೇರೆ ಬೀದಿಯವರಿಗೆ ಇದು ಒಂದಿಷ್ಟು ಧೂಳು, ಒಂದಿಷ್ಟು ಬೈಗುಳ, ಅಷ್ಟೆ. ನೇಕಾರರ ಬೀದಿಯಲ್ಲಿ ಹಾಗಲ್ಲ. ಮಗ್ಗ ಇರುವುದು ಮನೆಯೊಳಗೆ, ಆದರೆ ಅದಕ್ಕೆ ಊಟ ತಯಾರಾಗುವುದು ಬೀದಿಯಲ್ಲಿ. ಸೀರೆಯ ಉದ್ದಕ್ಕೂ ಓಡುವ ಎಳೆಗಳನ್ನು, ಅಂದರೆ ಹಾಸನ್ನು, ನಮ್ಮವರು ಪಾವು ಅನ್ನುತ್ತಾರೆ. ಒಂದು ಪಾವೆಂದರೆ ಏಳು ಸೀರೆಯ ಉದ್ದ, ಎರಡು ಸಾವಿರಕ್ಕೂ ಮೇಲೆ ಎಳೆ. ಅದನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗುವವರೆಗೂ ಕುಂಚದಿಂದ ಬಾಚಿ ಸುತ್ತಿದರೆ ಮಾತ್ರ ಮಗ್ಗಕ್ಕೆ ಏರುತ್ತದೆ. ಗಂಜಿ ಬಿದ್ದ ಮೇಲೆ ನಡುವೆ ಬಿಡುವಂತಿಲ್ಲ. ಹಸಿಯಿರುವಾಗ ಸಡಿಲಾದರೆ ಎಳೆಗೆ ಎಳೆ ಅಂಟಿಕೊಂಡು ಇಡೀ ಪಾವು ಒಂದು ದಪ್ಪ ಹಗ್ಗವಾಗುತ್ತದೆ. ದನ ಕಟ್ಟಬಹುದು, ಸೀರೆ ನೇಯಲಾಗುವುದಿಲ್ಲ.

ಬೀದಿ ಇಲ್ಲವೆಂದು ಅಪ್ಪ ಒಂದು ಪಾವನ್ನು ಕೆರೆ ಏರಿಯ ಮೇಲೆ ಕಟ್ಟಿದ್ದ. ಗಾಳಿ ಎದ್ದು, ಗಂಜಿಯ ಮೇಲೆ ಮಣ್ಣು ಕೂತು, ಅದು ಹೋಯಿತು. ನೂಲು ಕೊಡುವ ಸಂಘದ ಕಾರ್ಯದರ್ಶಿ ಹೊಸ ನೂಲು ಕೊಡುವಾಗ ಒಂದೇ ಮಾತು ಹೇಳಿದರು: ಇದೂ ಹಾಗೇ ಆದರೆ ಇನ್ನು ಈ ಬಾಗಿಲಿಗೆ ಬರಬೇಡಿ. ನೂಲಿಲ್ಲದ ಮಗ್ಗ ಅಂದರೆ ಮನೆಯ ಅರ್ಧ ಜಾಗ ಹಿಡಿದ ಕಟ್ಟಿಗೆ.

ನಾನು ಆಗ ಊರಿನ ಪಾರ್ಕಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದೆ. ಟಿಕೆಟ್ ಹರಿಯುವುದು ಕೈಯ ಕೆಲಸ, ಬಾಯಿಗೂ ಏನಾದರೂ ಕೊಡಬೇಕಲ್ಲ. ಹಾಗಾಗಿ ಬರುವವರ ಹೋಗುವವರ ದನಿಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿದ್ದೆ. ಮಕ್ಕಳ ರೈಲಿನ ಗಾರ್ಡಿನ ಸೀಟಿಯನ್ನು ನಾನು ಬಾಯಲ್ಲೇ ಊದಿದರೆ ಜನ ಐಸ್‌ಕ್ರೀಂ ಬಿಟ್ಟು ಓಡುತ್ತಿದ್ದರು. ಪಾರ್ಕಿನ ಸೂಪರಿಂಟೆಂಡೆಂಟರದು ನನ್ನ ಅತಿ ಒಳ್ಳೆಯ ಸರಕು. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಒಂದು ಸುತ್ತು ಹಾಕಿ, ಕೊನೆಗೆ 'ಪುರಿಯುದಾ?' ಎಂದು, ಅಂದರೆ ತಿಳಿಯಿತಾ ಎಂದು, ತಲೆಗೆ ಮೊಟಕುವ ದನಿ. ಅಪ್ಪನ ದನಿ ಮಾತ್ರ ನನಗೆ ಒಲಿದಿರಲಿಲ್ಲ. ಆತ ಮಾತಾಡಿದರೆ ತಾನೆ.

ಪಾರ್ಕಿನಲ್ಲಿ ಗೇಟಿನ ಹತ್ತಿರದಿಂದ ಮಕ್ಕಳ ಮೈದಾನದ ಪಕ್ಕಕ್ಕೇ ಹಾದುಹೋಗುವ ಒಂದು ನೇರ ಕಾಲುದಾರಿಯಿತ್ತು. ಅದರ ಒಂದು ಬದಿಗೆ, ಕಾಂಪೌಂಡು ಗೋಡೆಯ ಉದ್ದಕ್ಕೂ, ತೂಂಗುಮೂಂಜಿ ಮರಗಳು. ನಿದ್ದೆಮೋರೆಯ ಮರ ಎಂದು ತಮಿಳಿನವರು ಇಟ್ಟ ಹೆಸರು, ನನಗೂ ಮನೆಯಲ್ಲಿ ಅದೇ ಹೆಸರು. ಒಂದು ಸಂಜೆ ಗೇಟು ಮುಚ್ಚಿದ ಮೇಲೆ ಅಪ್ಪನನ್ನೂ ಚಿಕ್ಕಪ್ಪನನ್ನೂ ಒಳಗೆ ಕರೆದುಕೊಂಡು ಹೋದೆ. ಅಪ್ಪ ದಾರಿಯನ್ನು ಹೆಜ್ಜೆಯಲ್ಲಿ ಅಳೆದ. ಐವತ್ತು ಗಜ, ಮೇಲೆ ಹಗ್ಗಕ್ಕೆ ಬೇಕಾದಷ್ಟು. ತಲೆಯೆತ್ತಿ ಮರಗಳನ್ನು ನೋಡಿದ. ಕೊಂಬೆಗಳ ನಡುವೆ ಆಕಾಶ ಧಾರಾಳವಾಗಿ ಕಾಣುತ್ತಿತ್ತು.

"ಬೆಳಕು ಬೀಳ್ತದೆ. ಗಾಳಿ ಇಲ್ಲ. ಸರಿ," ಅಂದ.

"ಸೂಪರಿಂಟೆಂಡೆಂಟು ಬಂದ್ರೆ ಏನ್ಡಾ ಮಾಡೋದು?" ಎಂದು ಚಿಕ್ಕಪ್ಪ ಕೇಳಿದ.

"ಅವರು ಬರೋದು ಎಂಟೂಕಾಲಕ್ಕೆ. ನಾವು ಏಳೂಮುಕ್ಕಾಲಿಗೆಲ್ಲಾ ಸುತ್ತಿ ಆಚೆ ಹೋಗಿರ್ತೀವಿ. ಪುರಿಯುದಾ?" ಎಂದೆ, ಅವರದೇ ದನಿಯಲ್ಲಿ.

ಚಿಕ್ಕಪ್ಪ ನಕ್ಕ. ಅಪ್ಪ ನಗಲಿಲ್ಲ, ದಾರಿಯ ಇನ್ನೊಂದು ತುದಿಗೆ ನಡೆದುಹೋದ.

ಪೊಂಗಲ್ ಮುಗಿದು ಎರಡು ವಾರ. ಶನಿವಾರ ಬೆಳಿಗ್ಗೆ ಐದಕ್ಕೆ ನಾನು ಗೇಟಿನ ಬೀಗ ತೆಗೆದೆ. ಅಪ್ಪ, ಅವ್ವ, ಚಿಕ್ಕಪ್ಪ ಕೈಗಾಡಿಯಲ್ಲಿ ಪಾವಿನ ಉಂಡೆ, ಕತ್ತರಿಯಂತೆ ಅಡ್ಡ ಕಟ್ಟಿದ ಹತ್ತು ಜೊತೆ ಬಿದಿರಿನ ಕತ್ತರಿಗಾಲು, ಗಂಜಿಯ ಎರಡು ಕೊಡ ತಂದಿದ್ದರು. ಪಾವಿನ ಎರಡು ತುದಿಯಲ್ಲೂ ಒಂದೊಂದು ದಪ್ಪ ಬಿದಿರು. ಒಂದನ್ನು ಮೊದಲ ಮರಕ್ಕೆ, ಇನ್ನೊಂದನ್ನು ಕೊನೆಯ ಮರಕ್ಕೆ ಹಗ್ಗದಿಂದ ಬಿಗಿದೆವು. ನಡುವೆ ಐದೈದು ಗಜಕ್ಕೊಂದು ಕತ್ತರಿಗಾಲು ಕೊಟ್ಟು ಸೊಂಟದೆತ್ತರಕ್ಕೆ ಎತ್ತಿದೆವು. ಎಳೆಗಳು ಮೇಲೊಂದು ಕೆಳಗೊಂದು ಬೇರೆಯಾಗಿ ನಿಲ್ಲಲು ಸಣ್ಣ ಕಡ್ಡಿಗಳನ್ನು ಸಿಕ್ಕಿಸಿದೆವು. ಅವ್ವ ಬ್ಯಾಟರಿ ಹಿಡಿದು ಕಡಿದ ಎಳೆಗಳನ್ನು ಹುಡುಕಿ ಹುಡುಕಿ ಹೊಸೆದಳು. ಆರೂಕಾಲಕ್ಕೆ ಚಿಕ್ಕಪ್ಪ ಗಂಜಿ ಎರಚಲು ಶುರು ಮಾಡಿದ. ಅಪ್ಪ ಒಂದು ಕಡೆ, ನಾನು ಇನ್ನೊಂದು ಕಡೆ. ಕುಂಚ ಪಾವಿನ ಮೇಲೆ ಒಂದೇ ಭಾರದಲ್ಲಿ ಹೋಗಬೇಕು, ಒಂದೇ ದಿಕ್ಕಿಗೆ, ಇಬ್ಬರೂ ಒಂದೇ ಹೆಜ್ಜೆಯಲ್ಲಿ. ನನ್ನ ಕೈ ಹಗುರವಾದಾಗೆಲ್ಲ ಅಪ್ಪ ತನ್ನ ಕುಂಚದ ಹಿಡಿಯಿಂದ ನನ್ನ ಬೆರಳ ಗೆಣ್ಣಿಗೆ ಒಂದು ತಟ್ಟುತ್ತಿದ್ದ. ಅದೇ ಆತನ ಭಾಷಣ.

ಆರೂವರೆಗೆ ವಾಕಿಂಗಿನವರು ಬಂದರು, ಟಿಕೆಟ್ ಹೊತ್ತಿಗೆ ಮೊದಲೇ ಒಳಗೆ ಬಿಡುವ ಪಾಸಿನವರು. ಅವರ ಮುಂದಾಳು ಆರ್.ಎಸ್. ಪುರಂನಿಂದ ದಿನಾ ಬರುವ ಒಬ್ಬ ನಿವೃತ್ತ ಮೇಜರ್. ಬಿಳಿ ಷೂ, ಬಿಳಿ ಮೀಸೆ. ದಾರಿಯುದ್ದಕ್ಕೂ ನಿಂತ ಪಾವನ್ನು ನೋಡಿ ಶತ್ರುವಿನ ಬೇಲಿ ಕಂಡವರ ಹಾಗೆ ನಿಂತುಬಿಟ್ಟರು.

"ಇದೇನಪ್ಪಾ ಇದು?" ಎಂದರು ತಮಿಳಿನಲ್ಲಿ.

"ಒಂದು ಗಂಟೆಯ ಕೆಲಸ ಸಾರ್. ಇವತ್ತು ಹುಲ್ಲಿನ ಮೇಲೆ ನಡೆದರೆ ಮಂಡಿಗೆ ಒಳ್ಳೇದು."

"ಯಾವ ಡಾಕ್ಟರ್ ಹೇಳಿದ್ದು?"

"ಗೇಟ್ ಡಾಕ್ಟರ್ ಸಾರ್," ಎಂದೆ. ಮೀಸೆ ಒಂದು ಬದಿ ಮೇಲೆದ್ದಿತು. ಅವರು ಗೇಟಿನ ಪಕ್ಕದ ಹುಲ್ಲಿಗೆ ಇಳಿದರು, ಉಳಿದವರು ಹಿಂದೆ ಹೋದರು. ಅಲ್ಲಿಯವರೆಗೆ ಎಲ್ಲ ನನ್ನ ಲೆಕ್ಕದ ಪ್ರಕಾರವೇ ನಡೆದಿತ್ತು. ನನ್ನ ಬಗ್ಗೆ ನನಗೆ ತುಂಬ ಸಂತೋಷವಾಗಿತ್ತು.

ಏಳು ದಾಟಿದ ಮೇಲೆ ಅಪ್ಪ ಕುಂಚ ನಿಲ್ಲಿಸಿ ಮೇಲೆ ನೋಡಿದ. ನಾನೂ ನೋಡಿದೆ. ಸಂಜೆ ಕಂಡ ಆಕಾಶ ಅಲ್ಲಿರಲಿಲ್ಲ. ತೂಂಗುಮೂಂಜಿ ಕತ್ತಲಾಗುವ ಹೊತ್ತಿಗೆ ಎಲೆ ಮಡಚುತ್ತದೆ, ಬೆಳಗಾದ ಮೇಲೆ ಬಿಚ್ಚುತ್ತದೆ. ನಾವು ಜಾಗ ನೋಡಿದ್ದು ಮರ ಮಲಗಿದ್ದಾಗ. ಈಗ ಅದು ಎದ್ದು, ಐವತ್ತು ಗಜದುದ್ದಕ್ಕೂ ಎಲೆಯ ಮೇಲೆ ಎಲೆ ಬಿಡಿಸಿ ಚಪ್ಪರ ಹಾಕಿತ್ತು. ಪೂರ್ವದ ಎತ್ತರದ ಕಾಂಪೌಂಡು ಗೋಡೆ ಓರೆ ಬಿಸಿಲನ್ನು ಮೊದಲೇ ತಡೆದಿತ್ತು. ಎರಡು ವರ್ಷದಿಂದ ದಿನವೂ ಆ ಮರದ ಕೆಳಗೆ ನಿಂತು ಬಂದವರನ್ನೆಲ್ಲ ಅಣಕಿಸಿದ ನಾನು ಒಂದು ದಿನವೂ ಮರವನ್ನು ನೋಡಿರಲಿಲ್ಲ.

ಅಪ್ಪ ಎರಡು ಬೆರಳಲ್ಲಿ ನಾಲ್ಕು ಎಳೆ ಹಿಡಿದು ಬಿಟ್ಟ. ಅವು ಬೇರೆಯಾಗುವ ಮೊದಲು ಅಂಟಿಕೊಂಡು ನಿಧಾನವಾಗಿ ಬಿಟ್ಟವು.

"ಒಣಗ್ತಾ ಇಲ್ಲ," ಅಂದ.

"ಇನ್ನೆಷ್ಟು ಹೊತ್ತು?"

"ಈ ನೆರಳಲ್ಲಿ ಒಂಬತ್ತೂವರೆ. ಅಷ್ಟರಲ್ಲಿ ಗಂಜಿ ಹುಳೀತದೆ."

"ಕೊಂಚ ಜೋರಾಗಿ ಬಾಚಿದ್ರೆ?"

"ಎಳೆ ಹೋಗ್ತದೆ."

ಬಾಚುತ್ತಲೇ ಇದ್ದೆವು. ನಿಲ್ಲಿಸಿದರೆ ಅಂಟುತ್ತದೆ, ಜೋರು ಮಾಡಿದರೆ ಕಡಿಯುತ್ತದೆ. ಅವ್ವ ಕಡಿದ ಎಳೆಗಳ ಹಿಂದೆ ಓಡುತ್ತಿದ್ದಳು. ಒಂದು ಕಡೆ ಹೊಸೆದು ತಲೆಯೆತ್ತುವಷ್ಟರಲ್ಲಿ ಇನ್ನೊಂದು ಕಡೆ ಎರಡು ಜೋತಾಡುತ್ತಿದ್ದವು. ಚಿಕ್ಕಪ್ಪ ಟವೆಲಿನಿಂದ ಗಾಳಿ ಬೀಸಿದ. ಐವತ್ತು ಗಜಕ್ಕೆ ಒಂದು ಟವೆಲು. ಬೇರೆ ದಿನವಾಗಿದ್ದರೆ ಅದನ್ನೇ ಅಣಕಿಸುತ್ತ ನಾನು ಒಂದು ವಾರ ಕಳೆಯುತ್ತಿದ್ದೆ. ಅವತ್ತು ಬಾಯಿ ಒಣಗಿತ್ತು. ಒಣಗಬೇಕಾದ್ದು ಅದಾಗಿರಲಿಲ್ಲ.

ಏಳೂವರೆಗೆ ಗೇಟಿನ ಹೊರಗೆ ಬಸ್ಸಿನ ಹಾರನ್ನು ಕೇಳಿತು. ಕುಂಚವನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಓಡಿದೆ. ಹತ್ತು ಗಂಟೆಗೆ ಬರಬೇಕಿದ್ದ ಶಾಲೆಯ ಟೂರ್ ಬಸ್ಸು. ಒಳಗಿಂದ ಇಳಿಯುತ್ತಲೇ ಇದ್ದರು, ಎಲ್ಲ ಹುಡುಗಿಯರೇ, ಒಂಬತ್ತು ಹತ್ತನೇ ಕ್ಲಾಸಿನ ದಾವಣಿಯವರು, ಐವತ್ತಕ್ಕೂ ಮೇಲೆ. ಜೊತೆಗೆ ಒಬ್ಬ ಟೀಚರು.

"ಪಾರ್ಕು ಒಂಬತ್ತಕ್ಕೆ ತೆರೆಯೋದು ಟೀಚರ್," ಎಂದೆ.

"ಗೊತ್ತು. ದಾರಿಯಲ್ಲಿ ಎಲ್ಲೂ ಬಸ್ ನಿಲ್ಲಿಸಲಿಲ್ಲ ಆ ಡ್ರೈವರ್. ಮಕ್ಕಳಿಗೆ ಮೊದಲು ಬಾತ್‌ರೂಮ್ ತೋರಿಸಿ. ಆಮೇಲೆ ಒಂಬತ್ತಕ್ಕಲ್ಲ, ಮಧ್ಯಾಹ್ನಕ್ಕೆ ತೆರೆಯಿರಿ."

ಬಾತ್‌ರೂಮ್ ಇದ್ದದ್ದು ಮಕ್ಕಳ ಮೈದಾನದ ಪಕ್ಕ, ಪಾವು ಕಟ್ಟಿದ ಕಾಲುದಾರಿಯ ಕೊನೆಯಲ್ಲಿ. ಬೇರೆ ದಾರಿ ಇದೆ ಎಂದು ಸುಳ್ಳು ಹೇಳುವಂತೆಯೂ ಇರಲಿಲ್ಲ, ನಿಜಕ್ಕೂ ಇರಲಿಲ್ಲ. ಹುಲ್ಲಿನ ಕಡೆ ಮಂಡಿಯೆತ್ತರದ, ಮೊನಚು ಎಲೆಯ ಗಿಡದ ಬೇಲಿ, ಇನ್ನೊಂದು ಕಡೆ ಗೋಡೆ. ಪಾವಿನ ಪಕ್ಕ ಒಬ್ಬರು ನಡೆಯುವಷ್ಟು ಜಾಗ. ಐವತ್ತು ದಾವಣಿ ಅಲ್ಲಿ ಹಾದುಹೋದರೆ ಏನಾಗುತ್ತದೆಂದು ನಾನು ಊಹಿಸಿದೆ, ಊಹಿಸಿದ್ದನ್ನು ನುಂಗಿಕೊಂಡು ಗೇಟು ತೆರೆದೆ. ಎಷ್ಟೆಂದರೂ ಬಾತ್‌ರೂಮು.

ಮೊದಲು ಹೋದ ಹುಡುಗಿ ಪಾವಿನ ಹತ್ತಿರ ಬಂದು ನಿಂತಳು. ಹಿಂದೆ ತಿರುಗಿ ಏನೋ ಹೇಳಿದಳು. ಎಲ್ಲರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು, ಧೂಳು ಏಳಬಾರದೆಂದು. ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಾಲಾಗಿ, ಭುಜ ಓರೆ ಮಾಡಿ, ಐವತ್ತು ಗಜ ನಡೆದರು. ಒಂದು ಎಳೆಯೂ ಅಲುಗಲಿಲ್ಲ. ನಡುವೆ ಒಬ್ಬಳು ನಿಂತು, ಜೋತಾಡುತ್ತಿದ್ದ ಎರಡು ತುದಿಗಳನ್ನು ಎತ್ತಿ, ಎಂಜಲು ಬೆರಳಿನಿಂದ ಹೊಸೆದು ಬಿಟ್ಟು ಮುಂದೆ ಹೋದಳು. ಅವ್ವ ಬಾಯಿ ತೆರೆದು ನೋಡುತ್ತಿದ್ದಳು.

"ಯಾವೂರು ಟೀಚರ್ ನಿಮ್ಮದು?" ಎಂದು ಕೇಳಿದೆ.

"ನೆಗಮಂ."

ನೆಗಮಂ ಸೀರೆಯ ಊರು. ಮಗ್ಗದ ಸದ್ದಿಗೆ ಮಲಗಿ, ಮಗ್ಗದ ಸದ್ದಿಗೆ ಏಳುವ ಮಕ್ಕಳು. ನಾನು ಬೇಲಿಯಾಚೆ ನೋಡಿದೆ. ಗೋಡೆಯಿಂದ ದೂರವಿದ್ದ ಮಕ್ಕಳ ಮೈದಾನದಲ್ಲಿ ಬಿಸಿಲು ಆಗಲೇ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿತ್ತು. ಒಂದು ತುದಿಯಲ್ಲಿ ಜಾರುಬಂಡೆ, ಇನ್ನೊಂದು ತುದಿಯಲ್ಲಿ ಉಯ್ಯಾಲೆಯ ಕಬ್ಬಿಣದ ಕಂಬ. ದಾರಿಯಿಂದ ಹದಿನೈದು ಹೆಜ್ಜೆ.

ಅಪ್ಪನ ಹತ್ತಿರ ಹೋಗಿ ಹೇಳಿದೆ. "ಹಾಗೇ ಎತ್ಕೊಂಡು ಹೋಗಣಾ. ಬಿಗಿ ಬಿಡದೆ. ಅಡ್ಡಡ್ಡವಾಗಿ."

"ಹಸಿ ಪಾವನ್ನಾ?" ಎಂದು ಚಿಕ್ಕಪ್ಪ ಹಣೆ ಬಡಿದುಕೊಂಡ. "ಯಾರಾದ್ರೂ ಒಬ್ರು ಒಂದು ಹೆಜ್ಜೆ ತಪ್ಪಿದ್ರೆ ಮುಗೀತಲ್ಲೋ."

ಅಪ್ಪ ಮೈದಾನವನ್ನು ನೋಡಿದ. ಹುಡುಗಿಯರನ್ನು ನೋಡಿದ. "ಹೆಜ್ಜೆ ಹೇಳೋರು ಯಾರು?" ಅಂದ. "ನನ್ನ ಕೂಗು ಆ ತುದಿಗೆ ಕೇಳಾಕಿಲ್ಲ."

"ನಾನು ಸೀಟಿ ಹೊಡೀತೀನಿ. ಒಂದು ಸೀಟಿಗೆ ಒಂದು ಹೆಜ್ಜೆ."

ಆತ ಒಂದು ಕ್ಷಣ ನನ್ನ ಮುಖವನ್ನೇ ನೋಡಿದ, ಅದರಲ್ಲಿ ತಮಾಷೆ ಎಷ್ಟಿದೆ ಎಂದು ತೂಗುವ ಹಾಗೆ. ಆಮೇಲೆ ತಲೆ ಆಡಿಸಿದ.

ಟೀಚರಿಗೆ ಕೈ ಮುಗಿದು ಕೇಳಿದೆ. ಅವರು ಗದರುತ್ತಾರೆಂದುಕೊಂಡಿದ್ದೆ. ಅವರು ಪಾವಿನ ಮೇಲೆ ಅಂಗೈಯಿಟ್ಟು, "ಇಷ್ಟು ಹಸಿಯಿರುವಾಗ ಇದನ್ನು ಮರದ ಕೆಳಗೆ ಕಟ್ಟಿದ ಬುದ್ಧಿವಂತ ಯಾರು?" ಎಂದರು. ನಾನು ಚಿಕ್ಕಪ್ಪನನ್ನು ತೋರಿಸಿದೆ. ಚಿಕ್ಕಪ್ಪ ನನ್ನನ್ನು ತೋರಿಸಿದ. ಹುಡುಗಿಯರು ಕಿಸಕ್ಕನೆ ನಕ್ಕರು. ಟೀಚರು ಇಪ್ಪತ್ತು ಜನರನ್ನು ಆರಿಸಿ ಒಂದೊಂದು ಕತ್ತರಿಗಾಲಿಗೆ ಇಬ್ಬಿಬ್ಬರನ್ನು ನಿಲ್ಲಿಸಿದರು. ದೂರದ ತುದಿಯ ಬಿದಿರಿಗೆ ಅಪ್ಪ ಮತ್ತು ಚಿಕ್ಕಪ್ಪ. ಗೇಟಿನ ಕಡೆಯ ತುದಿಗೆ ನಾನು. ಜೊತೆಗೆ ಇನ್ನೊಬ್ಬ ಗಂಡಾಳು ಬೇಕಿತ್ತು. ಮೇಜರ್ ಆಗಲೇ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದರು.

"ಸಾರ್, ಎಳೀಬೇಡಿ. ಒರಗಿ ನಿಂತರೆ ಸಾಕು."

"ನನಗೆ ಹಗ್ಗ ಹಿಡಿಯೋದು ಕಲಿಸ್ತೀಯಾ?" ಎಂದು ಅವರು ಎಳೆದರು. ನಾಲ್ಕು ಎಳೆ ಪಟ್ಟೆಂದವು. ಆ ತುದಿಯಿಂದ ಅಪ್ಪ ನನ್ನನ್ನು ನೋಡಿದ. ಮೇಜರ್ ಒರಗಿ ನಿಂತರು.

ಮರಗಳಿಂದ ಹಗ್ಗ ಬಿಚ್ಚಿದೆವು. ಭಾರ ಒಮ್ಮೆಗೇ ಸೊಂಟಕ್ಕೆ ಬಂತು. ಎರಡು ಸಾವಿರ ಎಳೆ ಇಷ್ಟು ತೂಗುತ್ತದೆಂದು ನೇಕಾರನ ಮಗನಾಗಿಯೂ ನನಗೆ ಗೊತ್ತಿರಲಿಲ್ಲ. ಸೀಟಿ ಊದಿದೆ. ಇಪ್ಪತ್ತು ಹುಡುಗಿಯರು ಕತ್ತರಿಗಾಲು ಎತ್ತಿ ಒಂದು ಹೆಜ್ಜೆ ಬೇಲಿಯ ಕಡೆಗಿಟ್ಟರು. ಪಾವು ಇಡಿಯಾಗಿ, ಒಂದು ಚಾಪೆಯ ಹಾಗೆ, ಒಂದು ಹೆಜ್ಜೆ ಸರಿಯಿತು. ನಿಂತೆವು. ಅಪ್ಪ ಕೈ ಎತ್ತಿದ. ಮತ್ತೆ ಸೀಟಿ. ಮೂರನೇ ಸೀಟಿಗೆ ಬೇಲಿ ಬಂತು. ಅಲ್ಲಿ ಒಬ್ಬೊಬ್ಬರೂ ಕತ್ತರಿಗಾಲನ್ನು ಎದೆಯೆತ್ತರಕ್ಕೆ ಎತ್ತಿ, ಬೇಲಿ ದಾಟಿ, ಆಚೆ ಕಾಲಿಟ್ಟು ಎಲ್ಲರಿಗಾಗಿ ಕಾಯಬೇಕು. ನಾನೂ ಮೇಜರೂ ದಾಟಿದೆವು. ಹುಡುಗಿಯರ ಮುಂದಿನ ಸಾಲು ದಾಟಿತು. ಕತ್ತರಿಗಾಲುಗಳ ತುದಿ ಬೇಲಿಗಿಂತ ನಾಲ್ಕು ಬೆರಳು ಮೇಲೆ, ಪಾವು ಅದಕ್ಕೂ ಮೇಲೆ ನಿಂತಿತ್ತು.

ಆಗ ನನ್ನ ಬೆನ್ನ ಹಿಂದೆ ಸೈಕಲ್ ಸ್ಟಾಂಡ್ ಹಾಕಿದ ಸದ್ದು. ಗಡಿಯಾರ ನೋಡುವಂತಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

"ಏನಿದು ಇಲ್ಲಿ?" ಎಂದಿತು ಮೂಗಿನಲ್ಲಿ ಹುಟ್ಟಿದ ದನಿ.

ನನ್ನ ತುಟಿ ಸೀಟಿಗೆ ಸಜ್ಜಾಗಿತ್ತು. ಊದಿದೆ. ಒಂದು ಹೆಜ್ಜೆ.

"ನಿನ್ನನ್ನೇ ಕೇಳ್ತಾ ಇದೀನಿ."

ಸೀಟಿ. ಇನ್ನೊಂದು ಹೆಜ್ಜೆ.

"ನಿಲ್ಲಿಸಿ. ಎಲ್ಲರೂ ಇದ್ದಲ್ಲೇ ನಿಲ್ಲಿ. ಪುರಿಯುದಾ?"

ಹತ್ತಿರವಿದ್ದ ಹುಡುಗಿಯರು ನಿಂತುಬಿಟ್ಟರು. ಶಾಲೆಯ ಮಕ್ಕಳು, ಅಧಿಕಾರಿಯ ದನಿ ಎಲ್ಲಿ ಕೇಳಿದರೂ ಕಾಲು ತಾನೇ ನಿಲ್ಲುತ್ತದೆ. ಆದರೆ ಆ ತುದಿಯವರಿಗೆ ಅದು ಕೇಳಲಿಲ್ಲ. ಅವರು ಹಿಂದಿನ ಸೀಟಿಗೆ ಎತ್ತಿದ ಕಾಲನ್ನು ಮುಂದಿಟ್ಟರು. ಪಾವು ಓರೆಯಾಯಿತು. ಒಂದು ಅಂಚು ತಂತಿಯಂತೆ ಬಿಗಿದು, ಎಳೆಗಳು ಒಂದರ ಹಿಂದೆ ಒಂದು ಕಡಿಯತೊಡಗಿದವು. ಇನ್ನೊಂದು ಅಂಚು ಸಡಿಲಾಗಿ ಬೇಲಿಯ ಮೊನಚು ಎಲೆಗಳ ಕಡೆಗೆ ಇಳಿಯುತ್ತಿತ್ತು. ಸೀಟಿ ಊದಿದೆ. ಹುಡುಗಿಯರು ಅಲುಗಲಿಲ್ಲ, ನನ್ನ ಹೆಗಲ ಮೇಲಿಂದ ಸೂಪರಿಂಟೆಂಡೆಂಟರನ್ನೇ ನೋಡುತ್ತಿದ್ದರು. ನನ್ನ ಸ್ವಂತ ದನಿಯಲ್ಲಿ ಕೂಗಬಹುದಿತ್ತು. ಆದರೆ ಅದು ಯಾರ ದನಿ? ಟಿಕೆಟ್ ಹರಿಯುವವನದು. ಅವರ ಮಾತನ್ನು ಮೀರುವ ದನಿ ಆ ಪಾರ್ಕಿನಲ್ಲಿ ಒಂದೇ ಇತ್ತು, ಅದು ಅವರದೇ.

ಅವರು ನನ್ನ ಹಿಂದೆ ಆರಡಿ ದೂರದಲ್ಲಿ ನಿಂತಿದ್ದರು. ಅದು ಗೊತ್ತಿದ್ದೇ ಮಾಡಿದೆ. ಮೂಗಿನಿಂದ ಎತ್ತಿದೆ, ಗಂಟಲಲ್ಲಿ ಸುತ್ತಿದೆ.

"ನಿಂತದ್ದು ಯಾಕೆ? ನಡೆಯಿರಿ. ಎತ್ತಿ, ಬಲಗಾಲು ಮುಂದೆ, ಎಲ್ಲರೂ ಒಟ್ಟಿಗೆ. ಪುರಿಯುದಾ?"

ಹುಡುಗಿಯರ ಕಾಲು ಎದ್ದಿತು. ಪಾವು ಬೇಲಿಯಿಂದ ಮೇಲೆದ್ದು ನೇರವಾಯಿತು. ಇನ್ನು ಎಂಟು ಹೆಜ್ಜೆ. ಎಂಟನ್ನೂ ಆ ದನಿಯಲ್ಲೇ, ಆ ತುದಿಗೂ ಮುಟ್ಟುವಷ್ಟು ಜೋರಾಗಿ ಕೂಗಿದೆ. ನಡುವೆ ಬಿಟ್ಟರೆ ಮತ್ತೆ ಬರುತ್ತದೋ ಇಲ್ಲವೋ ಎಂದು ಉಸಿರು ಕೂಡ ಅವರ ಹಾಗೇ ತೆಗೆದುಕೊಂಡೆ. ಅಪ್ಪ ಜಾರುಬಂಡೆಯ ಕಾಲಿಗೆ ಹಗ್ಗ ಬಿಗಿದ. ನಾನೂ ಮೇಜರೂ ಉಯ್ಯಾಲೆ ಕಂಬಕ್ಕೆ ಬಿಗಿದೆವು. ಹುಡುಗಿಯರು ಕತ್ತರಿಗಾಲುಗಳನ್ನು ಹುಲ್ಲಿಗೆ ಊರಿದರು. ಬಿಸಿಲು ಪಾವಿನ ಮೇಲೆ ಬಿತ್ತು.

ಆಮೇಲೆ ತಿರುಗಿ ನೋಡಿದೆ.

ಸೂಪರಿಂಟೆಂಡೆಂಟರು ನನ್ನನ್ನು ನೋಡುತ್ತಿರಲಿಲ್ಲ. ಪಾವನ್ನು ನೋಡುತ್ತಿದ್ದರು. ಹಾಗೇ ನೋಡುತ್ತ ಕೇಳಿದರು. "ನಾನು ಹಾಗಾ ಮಾತಾಡೋದು?"

ಮೇಜರ್ ಸೊಂಟದಿಂದ ಹಗ್ಗ ಬಿಚ್ಚುತ್ತ, "ಹೌದು, ಹಾಗೇ," ಎಂದರು. ಯಾರೂ ನಗಲಿಲ್ಲ. ನಗು ಬಂದವರು ಪಾವಿನ ಕಡೆ ತಿರುಗಿದರು.

"ಇದು ಒಣಗೋಕೆ ಎಷ್ಟು ಹೊತ್ತು?" ಎಂದರು ಸೂಪರಿಂಟೆಂಡೆಂಟರು.

"ಅರ್ಧ ಗಂಟೆ ಸಾರ್."

"ಒಂಬತ್ತಕ್ಕೆ ಟಿಕೆಟ್ ಕೊಡಬೇಕು. ಅಷ್ಟರಲ್ಲಿ ಇಲ್ಲಿ ಒಂದು ನೂಲೂ ಇರಬಾರದು." ಕೈ ಚಾಚಿದರು. ಗೇಟಿನ ಬೀಗದ ಕೈ, ಟಿಕೆಟ್ ಪುಸ್ತಕ ಎರಡನ್ನೂ ಕೊಟ್ಟೆ. ಅವರು ಆಫೀಸಿನ ಕಡೆ ಹೊರಟು, ನಿಂತು, ತಿರುಗದೆಯೇ ಹೇಳಿದರು. "ಇನ್ನು ಮೇಲೆ ನೀನು ಒಳಗೆ ಬರಬೇಕಾದರೆ ಟಿಕೆಟ್ ತಗೊಂಡು ಬಾ."

ಅರ್ಧ ಗಂಟೆ ಬೇಕಾಗಲಿಲ್ಲ. ಇಪ್ಪತ್ತು ನಿಮಿಷ ಅಪ್ಪನೂ ನಾನೂ ಬಾಚಿದೆವು. ಕುಂಚ ಮೊದಲು ಒದ್ದೆಯಾಗಿ, ಆಮೇಲೆ ಒರಟಾಗಿ, ಕೊನೆಗೆ ಒಣಗಿದ ಎಲೆಯ ಸದ್ದು ಮಾಡಿತು. ಎಳೆ ಹಿಡಿದು ಬಿಟ್ಟರೆ ಬಿಡಿಬಿಡಿಯಾಗಿ ನಿಂತವು. ನಲವತ್ತೊಂದು ಎಳೆ ಕಡಿದಿದ್ದವು. ಅವ್ವನೂ ನಾಲ್ಕು ಹುಡುಗಿಯರೂ ಕೂಡಿ ಹೊಸೆದರು. ಉಳಿದ ಹುಡುಗಿಯರು ಉಯ್ಯಾಲೆಯ ಸುತ್ತ ನಿಂತು ಯಾವಾಗ ಕಂಬ ಖಾಲಿಯಾಗುತ್ತದೆ ಎಂದು ಕಾಯುತ್ತಿದ್ದರು. ಅವರಲ್ಲೊಬ್ಬಳು "ಅಣ್ಣಾ, ಹೆಡ್ ಮಿಸ್ ಥರ ಮಾತಾಡೋಕೆ ಬರುತ್ತಾ?" ಎಂದು ಕೇಳಿದಳು. ಹೆಡ್ ಮಿಸ್‌ನ ನಾನು ನೋಡಿಲ್ಲಮ್ಮಾ ಎಂದೆ. ಟೀಚರು "ನೋಡೋದೂ ಬೇಡ," ಎಂದರು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಪಾವು ಸುತ್ತಿ ಮುಗಿಯಿತು. ಕತ್ತರಿಗಾಲು, ಕೊಡ ಎಲ್ಲ ಕೈಗಾಡಿಗೆ ಹೋಯಿತು. ಪಾವನ್ನು ಮಾತ್ರ ಅಪ್ಪ ಗಾಡಿಗೆ ಹಾಕಲಿಲ್ಲ, ಹೆಗಲ ಮೇಲೆ ಹೊತ್ತ. ಗೇಟು ದಾಟಿ, ಪಾರ್ಕಿನ ಗೋಡೆಯುದ್ದಕ್ಕೂ ನಡೆದೆವು. ಒಳಗೆ ಮಕ್ಕಳ ರೈಲು ಹೊರಟ ಸದ್ದು ಕೇಳಿತು. ಆತ ಕೊಂಚ ನಿಧಾನ ಮಾಡಿದ.

"ಟಿಕೆಟ್ ತಗೊಂಡ್ರೆ ರೈಲೂ ಅದರಲ್ಲೇ ಸೇರ್ತದಾ?" ಎಂದು ಕೇಳಿದ.

"ಇಲ್ಲಪ್ಪ. ರೈಲಿಗೆ ಬೇರೆ."

"ಎಲ್ಲಿಗೆ ಹೋಗ್ತದೆ ಅದು?"

"ಎಲ್ಲಿಗೂ ಇಲ್ಲ. ಒಂದು ಸುತ್ತು ಹಾಕಿ ಹತ್ತಿದಲ್ಲೇ ಇಳಿಸ್ತದೆ."

ಅಪ್ಪ ಪಾವನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಾಯಿಸಿಕೊಂಡ. "ಇದು ನೆಯ್ದು ಮುಗೀಲಿ," ಅಂದ. "ಎಲ್ಲಾರೂ ಒಂದ್ಸಲ ಹೋಗಣಾ."